ತೊಟ್ಟಿಲ ಮೇಲಿನ ಕಣ್ಣು

ಬೀದಿ ನಲ್ಲಿಗೆ ಇನ್ನೂ ನೀರು ಬಂದಿಲ್ಲ, ರುಮಾನಾ ಆಗಲೇ ದಾವಣಗೆರೆಯ ವಿನೋಬನಗರದ ಮನೆಯೊಂದರಲ್ಲಿ ಸ್ಟೂಲ್ ಹತ್ತಿ ನಿಂತಿದ್ದಾರೆ. ಕೆಳಗೆ ಬಾಣಂತಿ ರೇವತಿ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಾಳೆ. ತೊಟ್ಟಿಲ ಮೇಲಿನ ಕ್ಯಾಮೆರಾ ನಿನ್ನೆಯಿಂದ ತಾನಾಗಿಯೇ ತಿರುಗುತ್ತಿದೆ. ಹಾಲೂಡಿಸಲು ಕೂತರೆ ಅತ್ತಲೇ ಕತ್ತು ಹೊರಳಿಸುತ್ತದೆ. ಅತ್ತೆ ದುರುಗವ್ವ ಅದಕ್ಕೆ ನಿಂಬೆಹಣ್ಣು ಕಟ್ಟಿದ್ದೂ ಆಗಿದೆ.

“ದೆವ್ವಕ್ಕೆ ವೈಫೈ ಯಾಕ ಬೇಕ್ರಿ? ಇದು ಮನುಷ್ಯಾಂದೇ ಕೆಲ್ಸ” ಎನ್ನುತ್ತಾರೆ ರುಮಾನಾ, ರೇವತಿಯ ಮೊಬೈಲಿನಿಂದ ಕಣ್ಣು ಕೀಳದೆ. ಸಿಟ್ಟು ಅವರ ಮೂಗಿನ ತುದಿಯಲ್ಲಿದೆ.

ರುಮಾನಾ ಹರಿಹರದವರು. ತಂದೆ ರೌಫ್ ರೇಡಿಯೋ ರಿಪೇರಿ ಮಾಡುತ್ತಿದ್ದರು. ಮಗಳು ಸ್ಕೂಟರ್ ಏರಿ ದಿನಕ್ಕೆ ಏಳೆಂಟು ಮನೆಗಳ ವೈಫೈಗೆ ಬೀಗ ಹಾಕಿ ಬರುತ್ತಾರೆ. ಮೊದಮೊದಲು ದೇವರಾಜ ಅರಸು ಬಡಾವಣೆಯಲ್ಲಿ “ಗಂಡಸ್ರನ್ನ ಕಳಿಸ್ರಿ” ಎಂದು ಬಾಗಿಲಿಂದಲೇ ಸಾಗಹಾಕುತ್ತಿದ್ದರು. ಈಗ ಗಂಡಸರಿಗೆ ಹೇಳಲಾಗದ ಇಂಥ ಸಂಕಟ ಬಂದಾಗ ಹೆಂಗಸರು ಮೊದಲು ಫೋನ್ ಮಾಡುವುದು ಇವರಿಗೇ. ಕೂತಲ್ಲಿ ಕೂರುವ ಜೀವವಲ್ಲ ಇದು. ಮದುವೆಯೂಟಕ್ಕೆ ಹೋದರೂ ಆ ಮನೆಯ ವೈಫೈ ಬಾಗಿಲು ತೆರೆದಿದೆಯೇ ಎಂದು ನೋಡದೆ ತುತ್ತು ಎತ್ತುವುದಿಲ್ಲ.

“ಮನ್ಯಾಗ ಮೂರು ಫೋನು. ಇಲ್ಲಿ ವೈಫೈನಾಗ ನಾಕು ಕಾಣ್ತಾವ. ಪಾಸ್‌ವರ್ಡ್ ಯಾರಿಗೆ ಹೇಳೀರಿ?”

ಯಾರಿಗೂ ಹೇಳಿಲ್ಲವೆಂದು ರೇವತಿ ಮಗುವಿನ ಮೇಲೆ ಆಣೆ ಮಾಡುತ್ತಾಳೆ. ರುಮಾನಾಗೆ ನಿಲ್ಲಲಾಗುವುದಿಲ್ಲ. ಸಿಗ್ನಲ್ ಎಲ್ಲಿಯವರೆಗೆ ಹೋಗುತ್ತದೆಂದು ನೋಡಲು ಬೀದಿಗಿಳಿಯುತ್ತಾರೆ, ಆಚೆಯ ಅಂಗಡಿವರೆಗೆ ನಡೆಯುತ್ತಾರೆ, ತಿರುಗುತ್ತಾರೆ. ಎದುರಿಗೇ ಮನೆಯ ಗೋಡೆ. ಹೋದ ವರ್ಷದ ಮದುವೆಗೆ ಬಣ್ಣದಲ್ಲಿ ಬರೆಸಿದ್ದು: ರೇವತಿ, ಅಂಜನಕುಮಾರ, ಕೆಳಗೆ ತಾರೀಖು. ರುಮಾನಾ ಸರಸರನೆ ಒಳಗೆ ಬರುತ್ತಾರೆ.

“ರೇವತಿ, ಪಾಸ್‌ವರ್ಡ್ ಏನಿಟ್ಟೀಯವ್ವ?”

ಹುಡುಗಿಯ ಮುಖ ಬಿಳಿಚಿಕೊಳ್ಳುತ್ತದೆ. “ನಮ್ಮಿಬ್ರ ಹೆಸ್ರು... ಮದ್ವಿ ತಾರೀಖು. ಕ್ಯಾಮೆರಾಕ್ಕೂ ಅದೇ.”

ಮನೆಯ ಬೀಗದ ಕೈಯನ್ನು ಬೀದಿಗೇ ನೇತುಹಾಕಿದ್ದರು. ಹಾದುಹೋದವನಾರೋ ಓದಿಕೊಂಡಿದ್ದಾನೆ. “ಈ ಕಡೆ ಸುಮಾರು ಮನ್ಯಾಗ ಹಿಂಗೇ ಐತ್ರಿ” ಎನ್ನುತ್ತಾರೆ ರುಮಾನಾ. ನಾಲ್ಕನೇ ಫೋನಿನ ಗುರುತನ್ನು ಪೊಲೀಸ್ ದೂರಿಗೆಂದು ಫೋಟೋ ಹಿಡಿಯುತ್ತಾರೆ. ವೈಫೈ, ಕ್ಯಾಮೆರಾ ಎರಡನ್ನೂ ಅಳಿಸಿ ಹೊಸದಾಗಿ ಹೂಡುತ್ತಾರೆ.

“ಗೋಡಿಗೆ ಸುಣ್ಣ ಬಳಿಸ್ಲೇನು?” ದುರುಗವ್ವನ ಚಿಂತೆ.

“ಬ್ಯಾಡ್ರಿ. ಹೆಸ್ರು ಅಲ್ಲೇ ಇರ್ಲಿ. ಪಾಸ್‌ವರ್ಡ್ ಬ್ಯಾರೆ ಬ್ಯಾರೆ ಇಡ್ರಿ.”

ಹೊಸ ಪಾಸ್‌ವರ್ಡ್‌ಗಳನ್ನು ಮನೆಯವರೇ ಒತ್ತಬೇಕು, ಅದು ರುಮಾನಾ ನೇಮ. ಅತ್ತೆ ಸೊಸೆ ಪಿಸುಗುಟ್ಟುತ್ತ ಒತ್ತುವಾಗ ಅವರು ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಆಮೇಲೆ ಕಾಯುವ ಹೊತ್ತು. ಮೂವರೂ ಕ್ಯಾಮೆರಾವನ್ನೇ ನೋಡುತ್ತಾರೆ. ಅದು ಅಲುಗುವುದಿಲ್ಲ. ರೇವತಿ ಮಗುವನ್ನು ತೊಟ್ಟಿಲಿಗೆ ಹಾಕಿ ಬಿಕ್ಕಿ ಅಳುತ್ತಾಳೆ.

ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ ರುಮಾನಾ ಸುಮ್ಮನೆ ಕೇಳುತ್ತಾರೆ, “ಅವ್ವಾ, ಹೊಸಾ ಪಾಸ್‌ವರ್ಡ್ ಏನಿಟ್ರಿ?”

ದುರುಗವ್ವ ಸೊಂಟಕ್ಕೆ ಕೈಯಿಡುತ್ತಾಳೆ. “ನಿಂಗ್ಯಾಕ ಹೇಳ್ಲಿ? ನಡಿಯವ್ವ ಆಚಿಗೆ!”

ರುಮಾನಾ ಇವತ್ತು ಮೊದಲ ಸಲ ನಗುತ್ತಾರೆ. “ಹಿಂಗ ಬೈಸ್ಕೊಂಡ್ರೇನೇ ನನ್ ಕೆಲ್ಸ ಮುಗಿದಂಗ್ರಿ.”