ಕಪ್ಪು ವಿಂಡೋ ಕಾಯುತ್ತಿದ್ದವರು

ಮೇ ತಿಂಗಳ ನಡುಮಧ್ಯಾಹ್ನವೂ ಅವರ ಮೈಮೇಲೆ ಕಂದು ಬಣ್ಣದ ಉಣ್ಣೆಯ ಸ್ವೆಟರ್ ಇರುತ್ತಿತ್ತು. ಎರಡೂ ಮೊಣಕೈ ಸವೆದು ತೂತಾಗಿದ್ದವು. ಅಲ್ಲಿಗೆ ಹಸಿರು ನೂಲಿನಲ್ಲಿ ಒರಟಾಗಿ ಹೊಲಿಗೆ ಹಾಕಿದ್ದರು. ಹೊಲಿದವರು ಅವರೇ ಎಂದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಸರ್ವರ್ ಕೋಣೆಯ ಏಸಿ ಚಳಿಗೆಂದು ಹಾಕಿಕೊಂಡದ್ದನ್ನು ಬಿಚ್ಚುವುದು ಮರೆತು ಕ್ಯಾಂಟೀನಿಗೆ ಬಂದು, ಬೆವರು ಒರೆಸಿಕೊಳ್ಳುವವರ ನಡುವೆ ಕೂತು ಮುದ್ದೆ ಉಣ್ಣುತ್ತಿದ್ದರು. ಯಾರಾದರೂ ಛೇಡಿಸಿದರೆ, "ನಿಮ್ಗೆ ಸೆಕೆ ಆದ್ರೆ ನಾನ್ಯಾಕಪ್ಪಾ ಬಿಚ್ಲಿ" ಎನ್ನುತ್ತಿದ್ದರು.

ಕಾರ್ಖಾನೆಗೆಲ್ಲ ಅವರು 'ಸಿಸ್ಟಂ ಸಾರ್'. ಬಾಶೆಟ್ಟಿಹಳ್ಳಿಯಲ್ಲಿದ್ದ ಆ ಕಾರ್ಖಾನೆ ರಟ್ಟಿನ ಡಬ್ಬ ಮಾಡುತ್ತಿತ್ತು. ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಸುತ್ತಮುತ್ತ ಗುಲಾಬಿ ಬೆಳೆಯುವವರು ಹೆಚ್ಚಿದರು. ಹೂವು ವಿಮಾನ ಹತ್ತಬೇಕಾದರೆ ಡಬ್ಬ ಬೇಕು. ನಾನು ನಮ್ಮೂರು ಸಾಸಲಿನಿಂದ ಬಸ್ಸಿನಲ್ಲಿ ಬಂದು ಹೋಗಿ ಮಾಡುತ್ತಾ ಅವರ ಕೈಕೆಳಗೆ ಕಂಪ್ಯೂಟರ್ ವಿಭಾಗಕ್ಕೆ ಸೇರಿದೆ. ವಿಭಾಗ ಎಂದರೆ ಎರಡು ಕುರ್ಚಿ. ಒಂದರಲ್ಲಿ ಅವರು, ಇನ್ನೊಂದರಲ್ಲಿ ನಾನು.

ಸೇರಿದ ಮೊದಲ ದಿನವೇ ಅವರು ನನಗೆ ತೋರಿಸಿದ್ದು ಒಂದು ಕಪ್ಪು ವಿಂಡೋ. ಸರ್ವರಿನ ಪರದೆಯ ಮೇಲೆ ಅದು ಸದಾ ತೆರೆದಿರುತ್ತಿತ್ತು, ಒಳಗೆ ಬಿಳಿ ಅಕ್ಷರದ ಸಾಲುಗಳು ಮೇಲಕ್ಕೆ ಸರಿಯುತ್ತಿದ್ದವು. ಕಾರ್ಖಾನೆಯ ಡೇಟಾಬೇಸ್ ಓಡುತ್ತಿದ್ದದ್ದು ಅದರಲ್ಲಿ. ಆರ್ಡರು, ಲೇಬಲ್ಲು, ಗೇಟ್ ಪಾಸು ಎಲ್ಲ ಅದರಿಂದಲೇ ಬರಬೇಕು. ಹಿಂದೆ ಅದನ್ನು ಹಾಕಿಕೊಟ್ಟ ಕಂಪನಿಯವನು ಪರೀಕ್ಷೆಗೆಂದು ಕೈಯಲ್ಲೇ ಶುರು ಮಾಡಿ, ಸದ್ಯಕ್ಕೆ ಈ ವಿಂಡೋ ಮುಚ್ಚಬೇಡಿ ಅಂದು ಹೋದವನು ಮತ್ತೆ ಬರಲಿಲ್ಲವಂತೆ. ಸಾರ್ ಆರು ವರ್ಷದಿಂದ ಮುಚ್ಚಿರಲಿಲ್ಲ. ಒಮ್ಮೆ ಕಸ ಗುಡಿಸುವಾಕೆ ಮೇಜು ಒರೆಸುವಾಗ ಮೌಸ್ ಒತ್ತಿ ವಿಂಡೋ ಮುಚ್ಚಿಹೋಗಿ, ಲಾರಿಗಳೆಲ್ಲ ಗೇಟಿನಲ್ಲೇ ನಿಂತವು. ಅಂದಿನಿಂದ ಮೌಸಿಗೆ ನಮ್ಮದೇ ಡಬ್ಬವೊಂದನ್ನು ಮಗುಚಿ ಹಾಕಿದ್ದರು. ಮೇಲೆ ದಪ್ಪ ಅಕ್ಷರದಲ್ಲಿ 'ಮುಟ್ಟಿದರೆ ಲಾರಿ ಹೋಗಲ್ಲ' ಎಂದು ಬರೆದಿತ್ತು.

ಬೆಳಿಗ್ಗೆ ಏಳೂವರೆಗೆ, ಮೊದಲ ಶಿಫ್ಟಿನವರ ಜೊತೆಗೇ ಬಂದು, ಚಪ್ಪಲಿ ಹೊರಗೆ ಬಿಟ್ಟು, ಕೊನೆಯ ಸಾಲು ಸರಿಯುವುದನ್ನು ನಿಂತು ನೋಡಿಯೇ ಅವರು ಕೂರುತ್ತಿದ್ದರು. ಅವರು 'ಓಡ್ತೈತೆ' ಎಂದ ಮೇಲೇ ಸರಕು ಕಳಿಸುವ ಡಿಸ್‌ಪ್ಯಾಚಿನವರು ದಿನದ ಮೊದಲ ಗೇಟ್ ಪಾಸು ತೆಗೆಯುತ್ತಿದ್ದರು. ಕರೆಂಟು ಹೋಗಿ ಯುಪಿಎಸ್ಸೂ ಕೈಕೊಟ್ಟರೆ, ಭಾನುವಾರವಾದರೂ ದೊಡ್ಡಬಳ್ಳಾಪುರದ ತಮ್ಮ ಬಾಡಿಗೆ ಮನೆಯಿಂದ ಮೊಪೆಡ್ಡಿನಲ್ಲಿ ಬಂದು ಡೇಟಾಬೇಸ್ ಮತ್ತೆ ಶುರು ಮಾಡುವ ಒಂದು ಸಾಲು ಟೈಪ್ ಮಾಡಿ ಹೋಗುತ್ತಿದ್ದರು. ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಜಡಿಗೇನಹಳ್ಳಿಯಲ್ಲಿ ಒಬ್ಬ ತಂಗಿ ಇದ್ದಳು. ಪ್ರತಿ ಗೌರಿ ಹಬ್ಬಕ್ಕೂ ಆಕೆಯ ಫೋನು ಬರುತ್ತಿತ್ತು. "ಎಂಗಮ್ಮಾ ಬರ್ಲಿ, ಇಲ್ಲಿ ಬಿಟ್ ಬರಂಗಿಲ್ವಲ್ಲ" ಎಂದು ಇವರು ಹೇಳುವುದು, ಆಕೆ ಮುನಿಸಿಕೊಂಡು ಫೋನಿಡುವುದು. ಬಾಗಿನ ಮಾತ್ರ ಯಾರದೋ ಕೈಯಲ್ಲಿ ಕಳಿಸುತ್ತಿದ್ದರು.

ನನಗೆ ಅವರನ್ನು ನೋಡಿ ಕನಿಕರವಾಗುತ್ತಿತ್ತು. ಆ ವಯಸ್ಸಿನಲ್ಲಿ ನಮಗೆ ಯಾರ ಕಷ್ಟ ಕಂಡರೂ ನಾವೇ ಸರಿಮಾಡಿಬಿಡುತ್ತೇವೆ ಎಂಬ ಹಮ್ಮು. ಡೇಟಾಬೇಸನ್ನು 'ಸರ್ವಿಸ್' ಎಂದು ಹಿನ್ನೆಲೆಯಲ್ಲಿ ಓಡುವಂತೆ ಮಾಡಿಬಿಟ್ಟರೆ ಕಂಪ್ಯೂಟರ್ ಶುರುವಾದ ಕೂಡಲೇ ಅದೂ ಶುರುವಾಗುತ್ತದೆ, ಬಿದ್ದರೆ ತಾನೇ ಏಳುತ್ತದೆ, ಯಾರೂ ಎದುರಿಗೆ ಕೂರಬೇಕಾಗಿಲ್ಲ, ವಿಂಡೋವೂ ಬೇಕಿಲ್ಲ ಎಂದು ಅವರಿಗೆ ಹೇಳಿದೆ.

"ವಿಂಡೋ ಇಲ್ದಿದ್ರೆ ಓಡ್ತೈತೆ ಅಂತ ಎಂಗ್ ಗೊತ್ತಾಯ್ತದೆ?" ಎಂದರು.

"ಹಿಂದ್ಗಡೆ ಓಡ್ತಿರುತ್ತೆ ಸಾರ್."

"ಕಣ್ಣಿಗ್ ಕಾಣ್ದಂಗೆ ಕೆಲ್ಸ ಮಾಡೋದನ್ನ ನಂಬ್ಬಾರ್ದು ಕಣಮ್ಮಾ."

ಎಂಟು ತಿಂಗಳು ಬೆನ್ನುಬಿದ್ದು ಒಪ್ಪಿಸಿದೆ. ತಂಗಿಯ ಮಾತೆತ್ತಿದ ಮೇಲೆ ಒಪ್ಪಿದರು. ಒಂದು ಶನಿವಾರ ಮಧ್ಯಾಹ್ನ ಲಾರಿಗಳು ಬರುವುದಕ್ಕೆ ಮುಂಚೆ ಕೂತೆವು. ಅವರೇ ಕೈಯಾರೆ ಕಪ್ಪು ವಿಂಡೋ ಮುಚ್ಚಿದರು. ನಾನು ಸರ್ವಿಸ್ ಮಾಡಿ ಶುರು ಮಾಡಿದರೆ ಅದು ಒಂದು ಕ್ಷಣ ಓಡಿ ನಿಂತುಬಿಟ್ಟಿತು. ಕಂಪ್ಯೂಟರಿನಲ್ಲಿ ಯಾವುದೇ ಸರ್ವಿಸ್ ಯಾರದಾದರೂ ಹೆಸರಿನಲ್ಲಿ ಓಡಬೇಕು. ಅದು ತಾನಾಗಿ ತೆಗೆದುಕೊಂಡಿದ್ದ ಹೆಸರಿಗೆ ನಮ್ಮ ಡೇಟಾ ಮುಟ್ಟುವ ಅಧಿಕಾರ ಇರಲಿಲ್ಲ. ಅದಕ್ಕೆಂದೇ ಹೊಸ ಹೆಸರೊಂದನ್ನು ಮಾಡಿ ಅಧಿಕಾರ ಕೊಡುವುದು ಸರಿಯಾದ ದಾರಿ. ನನಗದು ಗೊತ್ತಿತ್ತು. ಆದರೆ ಅಷ್ಟರಲ್ಲಿ ಗೇಟಿನಲ್ಲಿ ಗುಲಾಬಿ ಡಬ್ಬದ ಲಾರಿ ಹಾರನ್ ಹೊಡೆಯುತ್ತಿತ್ತು.

"ನನ್ ಹೆಸ್ರೇ ಹಾಕಮ್ಮಾ" ಎಂದು ಅವರು ಮುಂದೆ ಬಂದರು. ಸ್ವೆಟರಿನ ತೋಳು ಎಳೆದು ಕೀಬೋರ್ಡಿಗೆ ಮರೆ ಮಾಡಿ ತಮ್ಮ ಪಾಸ್‌ವರ್ಡ್ ಹೊಡೆದರು. ಡೇಟಾಬೇಸ್ ಓಡಿತು. ಆಮೇಲಾದರೂ ಬದಲಾಯಿಸಬಹುದಿತ್ತು, ಬದಲಾಯಿಸಲಿಲ್ಲ. ಅವರ ಮುಖದಲ್ಲಿ ಕಂಡ ಸಮಾಧಾನವನ್ನು ಕೆಡಿಸಲು ಮನಸ್ಸಾಗಲಿಲ್ಲ.

"ಎಲ್ ಓಡ್ತೈತೆ, ತೋರ್ಸು" ಎಂದರು. ಸರ್ವಿಸುಗಳ ಉದ್ದನೆಯ ಪಟ್ಟಿಯಲ್ಲಿ ಒಂದು ಸಾಲು ತೋರಿಸಿದೆ. 'ರನ್ನಿಂಗ್' ಎಂಬ ಒಂದೇ ಪದ ಇತ್ತು.

"ಇಷ್ಟೇನಾ?" ಎಂದರು. ಮೌಸ್ ಮೇಲಿನ ಡಬ್ಬ ತೆಗೆದು, ಮಡಿಚಿ, ಬೀರುವಿನ ಮೇಲಿಟ್ಟರು.

ಆ ವರ್ಷ ಗೌರಿ ಹಬ್ಬಕ್ಕೆ ಬಾಗಿನ ಹಿಡಿದು ಜಡಿಗೇನಹಳ್ಳಿಗೆ ಹೋದರು. ಎರಡು ದಿನವೆಂದು ಹೋದವರು ಮಾರನೆಯ ಬೆಳಿಗ್ಗೆ ಏಳೂವರೆಗೇ ಬಂದು ನಿಂತಿದ್ದರು. ಹೋಳಿಗೆ ಪೊಟ್ಟಣ ನನ್ನ ಮೇಜಿನ ಮೇಲಿಟ್ಟು, "ಒಂದ್ ಫೋನೂ ಬರ್ಲಿಲ್ವಲ್ಲಮ್ಮಾ" ಎಂದರು.

"ಎಲ್ಲಾ ಸರಿಯಾಗೇ ನಡೀತಿತ್ತಲ್ಲ ಸಾರ್, ಯಾಕ್ ಮಾಡೋದು?" ಎಂದೆ. ದೊಡ್ಡ ಸಾಧನೆ ಮಾಡಿದವಳಂತೆ ನಕ್ಕೆ ಕೂಡ. ಆ ನಗು ನೆನಪಾದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮತ್ತೆರಡು ವರ್ಷ ಹಾಗೇ ನಡೆಯಿತು. ಬೆಳಿಗ್ಗೆ ಬಂದು, ಪಟ್ಟಿ ತೆಗೆದು, ಆ ಒಂದು ಪದವನ್ನು ನೋಡಿ ಕೂರುತ್ತಿದ್ದರು. ಕೆಲಸ ಕೇಳಿಕೊಂಡು ಬರುವವರು ಕಡಿಮೆಯಾದರು. ಕ್ಯಾಂಟೀನಿನಲ್ಲಿ ಸ್ವೆಟರಿನ ತಮಾಷೆಯೂ ನಿಂತಿತು. ಒಮ್ಮೊಮ್ಮೆ ಅಂಗಳದಲ್ಲಿ ನಿಂತು ತಲೆಯ ಮೇಲೆ ಹೋಗುವ ವಿಮಾನವನ್ನು ಅದು ಮರೆಯಾಗುವ ತನಕ ನೋಡುತ್ತಿದ್ದರು.

ಒಂದು ಸೋಮವಾರ ಅವರು ಬರಲಿಲ್ಲ. ಹಿಂದೆಲ್ಲ ಅವರು ಹತ್ತು ನಿಮಿಷ ತಡವಾದರೆ ಗೇಟಿನಿಂದ ಫೋನು, ಡಿಸ್‌ಪ್ಯಾಚಿನಿಂದ ಫೋನು, ಮ್ಯಾನೇಜರಿಂದ ಫೋನು. ಅಂದು ಗೇಟ್ ಪಾಸುಗಳು ಬರುತ್ತಲೇ ಇದ್ದವು, ಲಾರಿಗಳು ಹೋಗುತ್ತಲೇ ಇದ್ದವು. ಪಕ್ಕದ ಕುರ್ಚಿ ಖಾಲಿ ಇರುವುದನ್ನು ನಾನು ನೋಡಿದ್ದೆ. ನೋಡಿ, ನನ್ನ ಕೆಲಸ ನಾನು ಮಾಡುತ್ತಾ ಕೂತಿದ್ದೆ. ಹನ್ನೊಂದು ಗಂಟೆಗೆ ಅವರ ಮನೆಯ ಮಾಲೀಕರ ಫೋನು ಬಂತು. ನೀರು ಹರಿಯುವ ಸದ್ದು ನಿಲ್ಲದಿದ್ದುದರಿಂದ ಬಾಗಿಲು ಒಡೆದು ನೋಡಿದರಂತೆ. ಸ್ನಾನಕ್ಕೆ ಹೋದವರು ಬಚ್ಚಲಲ್ಲೇ ಬಿದ್ದಿದ್ದರು. ಆಸ್ಪತ್ರೆ ಸೇರುವಷ್ಟರಲ್ಲಿ ಪ್ರಾಣ ಹೋಗಿತ್ತು.

ಕಪ್ಪು ವಿಂಡೋ ಇದ್ದಿದ್ದರೆ ಬೆಳಿಗ್ಗೆ ಎಂಟು ಹೊಡೆಯುವುದರೊಳಗೆ ಯಾರಾದರೂ ಅವರ ಬಾಗಿಲಿಗೆ ಓಡುತ್ತಿದ್ದರು. ಓಡಿದ್ದರೆ ಉಳಿಯುತ್ತಿದ್ದರೋ ಇಲ್ಲವೋ, ಯಾರೂ ಹೇಳಲಾರರು. ನಾನಂತೂ ಆ ಲೆಕ್ಕವನ್ನು ಎಷ್ಟು ಸಲ ಹಾಕಿದ್ದೇನೋ.

ಕೆಲಸ ಬಿಟ್ಟವರ ಹೆಸರನ್ನು ಕಂಪ್ಯೂಟರಿನಲ್ಲಿ ಬಂದ್ ಮಾಡಬೇಕೆಂದು ಆಫೀಸಿನಿಂದ ಚೀಟಿ ಬಂತು. ಅವರದ್ದನ್ನು ಬಂದ್ ಮಾಡಿದವಳೂ ನಾನೇ. ಡೇಟಾಬೇಸ್ ಅವರ ಹೆಸರಿನಲ್ಲಿ ಓಡುತ್ತಿದೆ ಎಂಬುದು ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಅದು ನಿಲ್ಲಲೂ ಇಲ್ಲ. ಓಡುತ್ತಿರುವುದನ್ನು ಯಾರ ಹೆಸರಿನಲ್ಲಿ ಓಡುತ್ತಿದ್ದೀಯ ಎಂದು ಕಂಪ್ಯೂಟರ್ ಕೇಳುವುದಿಲ್ಲ, ಹೊಸದಾಗಿ ಶುರುವಾಗುವಾಗಲಷ್ಟೇ ಕೇಳುತ್ತದೆ.

ಆಯುಧಪೂಜೆಗೆ ಕಾರ್ಖಾನೆಯ ಮಷೀನುಗಳನ್ನೆಲ್ಲ ನಿಲ್ಲಿಸಿ ತೊಳೆದು ಪೂಜೆ ಮಾಡುವುದು ವಾಡಿಕೆ. ಸಾರ್ ಇರುವ ತನಕ ಸರ್ವರನ್ನು ನಿಲ್ಲಿಸಲು ಬಿಟ್ಟಿರಲಿಲ್ಲ, ಓಡುತ್ತಿರುವಾಗಲೇ ಕುಂಕುಮ ಇಡುತ್ತಿದ್ದರು. ಆ ವರ್ಷ ನಾನು ನಿಲ್ಲಿಸಿ, ಧೂಳು ಒರೆಸಿ, ಸೇವಂತಿಗೆ ಮುಡಿಸಿದೆ. ಕುಂಬಳಕಾಯಿ ಒಡೆದಾದ ಮೇಲೆ ಸ್ವಿಚ್ ಹಾಕಿದರೆ ಡೇಟಾಬೇಸ್ ಏಳಲಿಲ್ಲ. ಈ ಹೆಸರಿನವರಿಗೆ ಪ್ರವೇಶವಿಲ್ಲ ಎಂದು ಪರದೆಯಲ್ಲಿ ಬಂತು, ಪಕ್ಕದಲ್ಲಿ ಸಾರ್ ಹೆಸರು. ಬಾಗಿಲಲ್ಲಿ ಡಿಸ್‌ಪ್ಯಾಚಿನವರು ನಿಂತು, "ಏನಾಯ್ತು ಮೇಡಂ, ಲಾರಿ ನಿಂತೈತೆ" ಅನ್ನುತ್ತಿದ್ದರು. ಸತ್ತು ಮೂರು ತಿಂಗಳಾದ ಮೇಲೂ ಸಾರೇ ನಮ್ಮನ್ನು ನಡೆಸುತ್ತಿದ್ದರು ಎಂದು ಇವರಿಗೆ ಹೇಗೆ ಹೇಳುವುದು? ನಾನು ಮೊದಲೇ ಮಾಡಬೇಕಿದ್ದದ್ದನ್ನು ಈಗ ಮಾಡಿದೆ. ಯಾವ ಮನುಷ್ಯರದ್ದೂ ಅಲ್ಲದ ಒಂದು ಹೆಸರು ಮಾಡಿ, ಅಧಿಕಾರ ಕೊಟ್ಟು, ಅವರ ಹೆಸರು ಅಳಿಸಿದೆ. ಲಾರಿ ಹೋಯಿತು. ಬಾಗಿಲು ಹಾಕಿಕೊಂಡು ಏಸಿಯ ಚಳಿಯಲ್ಲಿ ಅತ್ತೆ.

ಈಗ ನಾನು ಬೇರೊಂದು ಕಾರ್ಖಾನೆಯಲ್ಲಿದ್ದೇನೆ. ನನ್ನ ಕೈಕೆಳಗೆ ನಾಲ್ಕು ಜನ. ಇಲ್ಲಿ ಎಲ್ಲವೂ ತಾನಾಗಿ ಶುರುವಾಗುತ್ತದೆ. ಆದರೂ ಬೆಳಿಗ್ಗೆ ಪರದೆ ನೋಡುವ ಮುಂಚೆ ಕುರ್ಚಿಗಳನ್ನು ನೋಡುತ್ತೇನೆ. ಯಾವುದಾದರೂ ಖಾಲಿ ಇದ್ದರೆ ಫೋನು ಮಾಡುತ್ತೇನೆ. ಮೊನ್ನೆ ಒಬ್ಬ ಗಾಬರಿಯಾಗಿ, "ಏನ್ ಮೇಡಂ, ಸಿಸ್ಟಂ ಏನಾದ್ರೂ ನಿಂತೋಯ್ತಾ?" ಎಂದ.

"ಇಲ್ಲಪ್ಪಾ, ಎಲ್ಲಾ ನಡೀತೈತೆ. ನೀನೆಲ್ಲಿದ್ದೀಯ ಅಂತ ಮಾಡ್ದೆ" ಎಂದೆ.