ಅಮ್ಮನ ಉಗುರಿನ ಮೇಲೊಂದು ಗೀರು

ಹೋದ ತಿಂಗಳು ಬಚ್ಚಲಿನ ಬಾಗಿಲಿಗೆ ಸಿಕ್ಕಿ ನನ್ನ ಹೆಬ್ಬೆರಳಿನ ಉಗುರು ಕಪ್ಪಾಯಿತು. ಕೂಡಲೇ ಬ್ಲೇಡು ಹುಡುಕಿ, ಕಪ್ಪಿನ ಹಿಂದಿನ ಅಂಚಿಗೆ ಸರಿಯಾಗಿ ಉಗುರಿನ ಮೇಲೊಂದು ಗೀರು ಎಳೆದೆ. ಮುದುಕನ ಹುಚ್ಚು ಎಂದುಕೊಳ್ಳಬೇಡಿ. ಇದನ್ನು ಕಲಿಸಿದವರು ಪುತ್ತೂರಿನ ಒಬ್ಬ ಡಾಕ್ಟರು.

ಅಮ್ಮ ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಒಡೆಯುತ್ತಿದ್ದಳು. ಹುರಿದ ಬೀಜವನ್ನು ಎಡ ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು ಒಂದೇ ಪೆಟ್ಟು. ತಿರುಳು ಇಡಿಯಾಗಿ ಹೊರಗೆ. ಎಷ್ಟು ಬೂದಿ ಬಳಿದುಕೊಂಡರೂ ಸಿಪ್ಪೆಯ ಎಣ್ಣೆಗೆ ಬೆರಳು ಕಪ್ಪಾಗುತ್ತಿತ್ತು. ಆ ಕಪ್ಪು ಬೆರಳುಗಳೇ ನನ್ನನ್ನು ಬಿ.ಎಸ್ಸಿ. ಮಾಡಿಸಿದ್ದು. ನಮ್ಮ ಕುಟುಂಬಕ್ಕೆ ಅದು ಮೊದಲ ಪದವಿ. ಹೆಸರಿನ ಮುಂದೆ ಅದನ್ನು ಬರೆಯದ ಪುಸ್ತಕ ನನ್ನಲ್ಲಿರಲಿಲ್ಲ.

ಐವತ್ತರ ದಶಕದ ಕೊನೆಯ ಒಂದು ಮಳೆಗಾಲ. ಕಾರ್ಖಾನೆಗೆ ರಜೆ. ಉಳಿದ ಬೆರಳುಗಳ ಕಪ್ಪೆಲ್ಲ ಹೋದರೂ ಎಡ ಹೆಬ್ಬೆರಳಿನ ಉಗುರಿನಡಿಯದ್ದು ಹೋಗಲಿಲ್ಲ. ತೀರ್ಪು ಕೊಟ್ಟವನು ನಾನೇ: "ಎಣ್ಣೆ ಒಳಗೆ ಇಳಿದದ್ದಮ್ಮ. ಲಿಂಬೆಹುಳಿ ತಿಕ್ಕು." ಎರಡು ತಿಂಗಳು ತಿಕ್ಕಿದಳು.

ಜ್ವರದ ಮದ್ದಿಗೆ ಅಮ್ಮನನ್ನು ಪುತ್ತೂರಿಗೆ ಕರೆದುಕೊಂಡು ಹೋದಾಗ ಆ ಡಾಕ್ಟರು ನಾಡಿ ಬಿಟ್ಟು ಉಗುರು ಹಿಡಿದರು.

"ಇದೆಂತ ಅಮ್ಮ?"

"ಬೀಜದ ಎಣ್ಣೆ ಡಾಕ್ಟ್ರೇ. ಮಗ ಹೇಳಿದ್ದಾನೆ, ಬಿ.ಎಸ್ಸಿ. ಆಗಿದೆ ಅವನಿಗೆ."

ಡಾಕ್ಟರು ನನ್ನತ್ತ ತಿರುಗಿದರು. "ಎಣ್ಣೆಯ ಕಲೆ ಆದ್ರೆ ಉಗುರು ಬೆಳೆದ ಹಾಗೆ ಮುಂದೆ ಹೋಗ್ಬೇಕಲ್ಲ ಮಾರಾಯ್ರೆ. ನೋಡುವ."

ಗಡ್ಡದ ಬ್ಲೇಡಿನಲ್ಲಿ ಕಪ್ಪಿನ ಹಿಂದಿನ ಅಂಚಿಗೆ ಒಂದು ಗೀರು ಎಳೆದು, ನಾಲ್ಕು ವಾರ ಬಿಟ್ಟು ಬರಲು ಹೇಳಿದರು. ಹೋದಾಗ ಗೀರು ಮುಂದೆ ಸರಿದಿತ್ತು. ಕಪ್ಪು ಮಾತ್ರ ಬುಡದಲ್ಲೇ ಕೂತು, ಪಕ್ಕದ ಚರ್ಮಕ್ಕೂ ಹಬ್ಬಿತ್ತು. ಡಾಕ್ಟರು ತಮಾಷೆ ಬಿಟ್ಟರು.

"ಚರ್ಮದ ಕ್ಯಾನ್ಸರಿನಲ್ಲಿ ಹೀಗೊಂದು ಜಾತಿ ಉಂಟು. ಬಹಳ ಅಪರೂಪ, ನಾನು ಪುಸ್ತಕದಲ್ಲಿ ಓದಿದ್ದು ಮಾತ್ರ. ಮಂಗಳೂರಲ್ಲಿ ತುಂಡು ತೆಗೆದು ಪರೀಕ್ಷೆ ಮಾಡ್ಲಿ. ನಾಳೆಯೇ ಹೋಗಿ."

ಅವರ ಅನುಮಾನ ನಿಜವಾಯಿತು. ಬೆರಳು ತೆಗೆದರೆ ಜೀವ ಉಳಿದೀತು ಎಂದರು ಮಂಗಳೂರಿನವರು. ಒಪ್ಪಿಗೆಯ ಕಾಗದಕ್ಕೆ ಅಮ್ಮ ಹೆಬ್ಬೆಟ್ಟು ಒತ್ತಬೇಕಿತ್ತು. ಬಲಗೈಯದ್ದಾದರೂ ಸಾಕು ಎಂದಳು ನರ್ಸು. ಅಮ್ಮ ಎಡದ್ದನ್ನೇ ಶಾಯಿಗೆ ಅದ್ದಿದಳು.

"ಹೋಗುದು ಅವನಲ್ವಾ? ಅವನೇ ಒಪ್ಪಲಿ."

ಆಮೇಲೆ ಅವಳು ಹದಿನಾರು ವರ್ಷ ಬದುಕಿದಳು. ತೋರುಬೆರಳು, ನಡುಬೆರಳಿನ ಸಂದಿಯಲ್ಲಿ ಬೀಜ ಹಿಡಿಯುವ ಉಪಾಯವನ್ನು ತಾನೇ ಕಂಡುಕೊಂಡಳು. ತಿರುಳು ಆಗಲೂ ಇಡಿಯಾಗಿಯೇ ಬರುತ್ತಿತ್ತು. ಊರಿನ ಒಂದು ಸಣ್ಣ ಕೋಣೆಯಲ್ಲಿ ಕೂತು, ಬ್ಲೇಡು ಮತ್ತು ತಾಳ್ಮೆ ಇಷ್ಟರಿಂದಲೇ ಆ ಡಾಕ್ಟರು ನನಗೆ ಕೊಡಿಸಿದ ವರ್ಷಗಳು ಅವು.

ನಿನ್ನೆ ನನ್ನ ಉಗುರು ನೋಡಿಕೊಂಡೆ. ಗೀರೂ ಕಪ್ಪೂ ಒಟ್ಟಿಗೇ ಮುಂದೆ ಬಂದಿವೆ. ಬರೀ ಹೆಪ್ಪುಗಟ್ಟಿದ ರಕ್ತ ಇರಬೇಕು. ಆದರೂ ನಾಳೆ ಡಾಕ್ಟರಿಗೆ ತೋರಿಸಿ ಬರುತ್ತೇನೆ. ಬಿ.ಎಸ್ಸಿ. ಎಂದು ಅಲ್ಲಿ ಹೇಳುವುದಿಲ್ಲ.