ಹುಳುಮನೆಯ ಕರಿ ಶೀಟು

ಅಣ್ಣನಿಗೂ ನನಗೂ ಬಾಯಿಗಿಂತ ಕೈಯೇ ಮುಂದು. ಚಿಕ್ಕಂದಿನಲ್ಲಿ ಅವನು ಚೊಂಬಿನಿಂದ ಹೊಡೆದು ನನ್ನ ಹಲ್ಲು ಉದುರಿಸಿದ್ದ; ನಾನು ಅವನ ಕಿವಿ ಕಚ್ಚಿ ಹರಿದಿದ್ದೆ. ಇಬ್ಬರಿಗೂ ಮದುವೆಯಾಗಿ ಮಕ್ಕಳಾದ ಮೇಲೂ ನಮ್ಮ ಜಗಳ ಬಿಡಿಸಲು ಶೀಳನೆರೆಯಿಂದ ಬೀಗರೇ ಬರಬೇಕಿತ್ತು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ.

ಅಣ್ಣ ಲಾರಿ ಡ್ರೈವರ್. ನಾನು ಊರಲ್ಲೇ ಉಳಿದು ರೇಷ್ಮೆ ಹುಳು ಸಾಕುತ್ತೇನೆ. ಚಳಿಗಾಲದಲ್ಲಿ ಕಾವು ಸಾಲದೆ ಹುಳು ಸೊಪ್ಪು ತಿನ್ನುವುದನ್ನೇ ಕಮ್ಮಿ ಮಾಡುತ್ತವೆ. ಇದ್ದಿಲ ಒಲೆ ಇಟ್ಟರೆ ಹೊಗೆಗೆ ಸಾಯುತ್ತವೆ. ಬೇಸಿಗೆಯಲ್ಲಿ ನಮ್ಮ ನೆತ್ತಿ ಸುಡುವ ಈ ಚಾವಣಿಯ ತಗಡು ಶೀಟನ್ನೇ ಚಳಿಗಾಲದಲ್ಲಿ ದುಡಿಸಿದರೆ ಹೇಗೆ ಅನ್ನಿಸಿತು. ಹುಳುಮನೆಯ ಶೀಟಿಗೆ ಕರಿ ಬಣ್ಣ ಹೊಡೆದೆ. ಕೆಳಗೆ ಒಂದು ಗೇಣು ಸಂದು ಬಿಟ್ಟು ಹಲಗೆ ಬಡಿದೆ. ಸಂದಿನಲ್ಲಿ ಕಾದ ಗಾಳಿಯನ್ನು ಒಂದು ಫ್ಯಾನು ಎಳೆದು, ದಪ್ಪ ಪೈಪಿನ ಮೂಲಕ ಒಳಗೆ ಊದುತ್ತಿತ್ತು.

ಊರಿನವರು ಬಿದ್ದು ಬಿದ್ದು ನಕ್ಕರು. "ಶೀಟಿನ ಕಾವು ತಡೀನಾರ್ದೆ ನಾವು ಮೇಲೆ ಸೋಗೆ ಮುಚ್ತೀವಿ, ನೀನು ಅದ್ನೇ ಒಳಕ್ಕೆ ಕರ್ಕೋತೀಯಲ್ಲಲಾ!" ಎಂದವನೊಬ್ಬನ ಕೊರಳಪಟ್ಟಿಗೆ ಕೈ ಹಾಕಿದ್ದೆ. ಆದರೆ ಆ ಸಲ ಹುಳು ಚೆನ್ನಾಗಿ ಮೇಯ್ದವು. ನನಗೆ ಗರ್ವ ನೆತ್ತಿಗೇರಿತ್ತು.

ಮೂರು ಸಲ ಪೊರೆ ಬಿಟ್ಟು ನಾಲ್ಕನೆಯದಕ್ಕೆ ಹುಳು ಕೂತ ದಿನ, ಅವುಗಳ ಮೇಲೆ ಉದುರಿಸುವ ಸುಣ್ಣದ ಪುಡಿ ತರಲು ಕೆ.ಆರ್. ಪೇಟೆಗೆ ಹೋದೆ. ಪೊರೆ ಬಿಡುವ ಮುಂಚೆ ಹುಳು ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಹುಳು ಸಾಕುವ ಮನೆಯಲ್ಲಿ ಇದು ಮಕ್ಕಳಿಗೂ ಗೊತ್ತು. ಅಪರೂಪಕ್ಕೆ ಊರಿಗೆ ಬರುವ ಅಣ್ಣನಿಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ವಾಪಸು ಬಂದರೆ ನನ್ನ ಕರಿ ಶೀಟು ಕಾಣಲೇ ಇಲ್ಲ. ಅದರ ಮೇಲೆಲ್ಲ ತೆಂಗಿನ ಸೋಗೆ. ಅಣ್ಣ ಏಣಿಯ ತುದಿಯಲ್ಲಿ ನಿಂತು ಕೊನೆಯ ಸೋಗೆ ಸರಿಮಾಡುತ್ತಿದ್ದ.

"ಯಾವನು ಏಳ್ದ ನಿಂಗೆ ಮುಚ್ಚು ಅಂತ?" ಎಂದು ಕಿರುಚಿದೆ.

"ಉಳ ಬೆಂದೋಯ್ತಾವೆ ಕಣ್ಲಾ! ಸೊಪ್ಪೂ ಮುಟ್ತಿಲ್ಲ, ತಲೆ ಮೇಕೆತ್ಕಂಡು..."

ಮಾತು ಮುಗಿಸಲು ಬಿಡಲಿಲ್ಲ. ಏಣಿಗೆ ಒದ್ದೆ. ಬೀಳುವಾಗ ಅವನು ಶೀಟಿನ ಅಂಚನ್ನು ಹಿಡಿದ. ಅಂಚು ಅವನ ಬಲ ಅಂಗೈಯನ್ನು ಅಡ್ಡಡ್ಡ ಸೀಳಿಬಿಟ್ಟಿತು. ನೆಲಕ್ಕೆ ಬಿದ್ದವನನ್ನು ನಾನು ಎತ್ತಲಿಲ್ಲ. ಸೋಗೆಯ ಮಟ್ಟೆ ತೆಗೆದುಕೊಂಡು ಬೆನ್ನಿಗೆ ಎರಡು ಬಾರಿಸಿದೆ. ಮೂರನೆಯದಕ್ಕೆ ಎತ್ತಿದಾಗ ಗೊತ್ತಾಯಿತು, ಅವನು ತಿರುಗಿ ಹೊಡೆಯುತ್ತಿಲ್ಲ. ಬಲಗೈಯನ್ನು ಎಡಗೈಯಲ್ಲಿ ಹಿಡಿದು ನೋಡುತ್ತಾ ಕೂತಿದ್ದ. ರಕ್ತದ ನಡುವೆ ಬೆಳ್ಳಗೆ ಏನೋ ಕಾಣುತ್ತಿತ್ತು.

"ಬೆರಳು ಮಡ್ಚಾಕಾಯ್ತಿಲ್ಲ ಕಣ್ಲಾ," ಎಂದ. "ಸ್ಟೇರಿಂಗು ಎಂಗಿಡೀಲಿ?"

ಅವನ ಹೊಟ್ಟೆಪಾಡೆಲ್ಲ ಆ ಕೈಯಲ್ಲಿತ್ತು. ಪಕ್ಕದ ಮನೆಯವರ ಕಾರಿನಲ್ಲಿ ಪೇಟೆಯ ಆಸ್ಪತ್ರೆಗೆ ಕರೆದೊಯ್ದೆ. ನರ ತುಂಡಾಗಿದೆ, ಆಪರೇಷನ್ ಆದರೂ ಮೊದಲಿನ ಹಿಡಿತ ಬರುವುದು ಕಷ್ಟ ಎಂದರು ಡಾಕ್ಟರು. ಅಷ್ಟರಲ್ಲಿ ನರ್ಸಮ್ಮ ಅವನ ಕಾಲು ನೋಡಿ, "ಇದೇನ್ರೀ, ಅಂಗಾಲೆಲ್ಲ ಬೊಬ್ಬೆ ಎದ್ದದೆ?" ಎಂದು ಕೇಳಿದರು.

ಅಣ್ಣನಿಗೆ ನಾಚಿಕೆಯಾಯಿತು. "ಶೀಟಿನ್ ಮ್ಯಾಲೆ ಅತ್ತಿದ್ದೆ, ಚಪ್ಪಲಿ ಆಕಂಡ್ರೆ ಜಾರ್ತಿತ್ತು ಕನಮ್ಮ. ಶೀಟು ಕಾದಿತ್ತು." ಆಮೇಲೆ ನನ್ನ ಕಡೆ ತಿರುಗಿ, "ನೀನ್ಯಾಕ್ಲಾ ಇಲ್ಲಿ ಕುಂತಿದ್ದೀಯೆ? ಓಗಿ ನೋಡು, ಒಂದಷ್ಟಾದ್ರೂ ಉಳ್ಕಂಡವಾ ಅಂತ," ಎಂದ.

ಮರುದಿನ ಬೆಳಗ್ಗೆ ಹುಳುಗಳೆಲ್ಲ ಪೊರೆ ಬಿಟ್ಟು ಎದ್ದು ಸರಸರ ಸೊಪ್ಪು ತಿನ್ನುತ್ತಿದ್ದವು. ಒಂದೂ ಸತ್ತಿರಲಿಲ್ಲ. ಒಂದು ಮಧ್ಯಾಹ್ನ ಸೋಗೆ ಮುಚ್ಚಿದರೆ ಅವಕ್ಕೆ ಏನೂ ಆಗುವುದಿಲ್ಲ. ಏಣಿಗೆ ಒದೆಯುವಾಗಲೂ ನನಗೆ ಅದು ಗೊತ್ತಿತ್ತು.

ಅಣ್ಣ ಮತ್ತೆ ಲಾರಿ ಹತ್ತಲಿಲ್ಲ. ಕೈಗೇನಾಯಿತು ಎಂದು ಯಾರಾದರೂ ಕೇಳಿದರೆ, "ಇವ್ನ ಉಳ ಉಳ್ಸಾಕೋಗಿ ಏಣಿಯಿಂದ ಜಾರ್ಬುಟ್ಟೆ," ಎಂದು ನಗುತ್ತಾನೆ. ನಾನು ಪಕ್ಕದಲ್ಲೇ ನಿಂತಿರುತ್ತೇನೆ. ಒದ್ದದ್ದನ್ನು ಅವನು ಇವತ್ತಿನವರೆಗೂ ಅತ್ತಿಗೆಗೆ ಕೂಡ ಹೇಳಿಲ್ಲ.